ವಿಡಿಯೋ ಗೇಮ್ ಮಾರಾಟದ ಲೆಕ್ಕ: ಎಣಿಸಿದ್ದೆಷ್ಟು, ಅಂದಾಜು ಮಾಡಿದ್ದೆಷ್ಟು?

ಡೇಟಾ ಸೈನ್ಸ್ ಕಲಿಯಲು ಕೂತವರ ಕೈಗೆ ಒಂದಲ್ಲ ಒಂದು ದಿನ ಸಿಗುವ ಕಡತವೊಂದಿದೆ. ಕ್ಯಾಗಲ್ ಜಾಲತಾಣದಲ್ಲಿ ಉಚಿತವಾಗಿ ದೊರೆಯುವ ಅದರಲ್ಲಿ 16,598 ಸಾಲುಗಳಿವೆ. ಒಂದೊಂದು ಸಾಲಿನಲ್ಲೂ ಒಂದು ವಿಡಿಯೋ ಗೇಮ್‌ನ ಹೆಸರು, ಅದು ಬಿಡುಗಡೆಯಾದ ವರ್ಷ, ಉತ್ತರ ಅಮೆರಿಕ, ಯುರೋಪ್, ಜಪಾನ್ ಮತ್ತು ಉಳಿದೆಡೆ ಅದರ ಎಷ್ಟು ಪ್ರತಿಗಳು ಮಾರಾಟವಾದವು ಎಂಬ ಲೆಕ್ಕ. ಮೊದಲ ಸಾಲಿನಲ್ಲಿ ನಿಂಟೆಂಡೊ ಕಂಪನಿಯ ‘ವೀ ಸ್ಪೋರ್ಟ್ಸ್’ ಇದೆ: ಒಟ್ಟು 8.274 ಕೋಟಿ ಪ್ರತಿ. ಈ ಕಡತವನ್ನು ಇಟ್ಟುಕೊಂಡು ವರ್ಷಾವಾರು ಮಾರಾಟದ ಗ್ರಾಫ್ ಬರೆದರೆ ಅದು 2008ರಲ್ಲಿ ಶಿಖರ ಮುಟ್ಟಿ, ಆಮೇಲೆ ಇಳಿಯುತ್ತಾ ಹೋಗಿ, 2016ರ ಹೊತ್ತಿಗೆ ಸುಮಾರು ಹತ್ತನೇ ಒಂದು ಭಾಗಕ್ಕೆ ಕುಸಿಯುತ್ತದೆ. ಅದನ್ನು ನೋಡಿ "ವಿಡಿಯೋ ಗೇಮ್ ಉದ್ಯಮ ನೆಲಕಚ್ಚಿದೆ" ಎಂದು ಬರೆದ ಪ್ರಾಜೆಕ್ಟ್ ವರದಿಗಳಿಗೆ ಕೊರತೆಯಿಲ್ಲ.

ಆದರೆ ಅದೇ ವರ್ಷಗಳಲ್ಲಿ ಗೇಮ್ ಉದ್ಯಮದ ಆದಾಯ ಏರುತ್ತಲೇ ಇತ್ತು. ಹಾಗಾದರೆ ಗ್ರಾಫ್ ಸುಳ್ಳು ಹೇಳುತ್ತಿದೆಯೇ? ಈ ಲೆಕ್ಕಗಳನ್ನು ಯಾರು, ಹೇಗೆ ತಯಾರಿಸುತ್ತಾರೆ ಎಂದು ತಿಳಿದರೆ ಮಾತ್ರ ಇದಕ್ಕೆ ಉತ್ತರ ಸಿಗುತ್ತದೆ.

‘ಮಾರಾಟ’ ಎಂದರೆ ಯಾವ ಮಾರಾಟ?

ಮೊದಲ ಗೊಂದಲ ಇರುವುದು ಈ ಪದದಲ್ಲೇ. ಕಾರ್ಖಾನೆಯಿಂದ ಹೊರಬಿದ್ದ ಡಿಸ್ಕ್‌ಗಳ ಸಂಖ್ಯೆ ಒಂದು. ಕಂಪನಿಯು ಅಂಗಡಿಗಳಿಗೆ ಮಾರಿದ ಸಂಖ್ಯೆ ಇನ್ನೊಂದು. ಅಂಗಡಿಯಿಂದ ಗಿರಾಕಿ ದುಡ್ಡು ಕೊಟ್ಟು ಮನೆಗೆ ಒಯ್ದದ್ದು ಮತ್ತೊಂದು. ದಿನಪತ್ರಿಕೆಯ ಏಜೆಂಟರ ಬಳಿ ಬೆಳಗ್ಗೆ ಬಂದಿಳಿದ ಬಂಡಲ್‌ಗೂ ಸಂಜೆ ಉಳಿದು ರದ್ದಿಗೆ ಹೋಗುವ ಪ್ರತಿಗಳಿಗೂ ಇರುವ ಸಂಬಂಧವೇ ಇಲ್ಲಿಯೂ ಇದೆ. ಕಂಪನಿಯ ಖಾತೆಯಲ್ಲಿ ಆದಾಯ ಬರುವುದು ಅಂಗಡಿಗೆ ಮಾರಿದಾಗ. ಆದ್ದರಿಂದ ಕಂಪನಿಗಳು ತಮ್ಮ ವರದಿಗಳಲ್ಲಿ ಸಾಮಾನ್ಯವಾಗಿ ಹೇಳುವುದು ಅಂಗಡಿಗೆ ಹೋದ ಸಂಖ್ಯೆಯನ್ನು. ಗಿರಾಕಿಯ ಕೈ ಸೇರಿದ ಸಂಖ್ಯೆ ಅದಕ್ಕಿಂತ ಕಡಿಮೆಯೇ ಇರುತ್ತದೆ.

ಈ ವ್ಯತ್ಯಾಸ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಹಳೆಯ ಉದಾಹರಣೆ ಅಟಾರಿ ಕಂಪನಿಯದು. 1982ರ ಕೊನೆಯಲ್ಲಿ ‘ಇ.ಟಿ.’ ಚಲನಚಿತ್ರವನ್ನು ಆಧರಿಸಿ ಅವಸರದಲ್ಲಿ ಮಾಡಿದ ಗೇಮ್‌ನ ಲಕ್ಷಗಟ್ಟಲೆ ಕಾರ್ಟ್ರಿಡ್ಜ್‌ಗಳನ್ನು ಅದು ಅಂಗಡಿಗಳಿಗೆ ತುಂಬಿಸಿತು. ಅಂಗಡಿಗಳ ಆರ್ಡರ್ ನೋಡಿದರೆ ಭರ್ಜರಿ ಯಶಸ್ಸು. ಹಬ್ಬದ ಕಾಲ ಮುಗಿಯುತ್ತಿದ್ದಂತೆ ಮಾಲು ವಾಪಸು ಬರತೊಡಗಿತು. 1983ರಲ್ಲಿ ಕಂಪನಿ ತನ್ನ ಉಳಿಕೆ ದಾಸ್ತಾನನ್ನು ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗೊರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತುಹಾಕಿತು. ಬಹಳ ವರ್ಷ ದಂತಕಥೆಯೆಂದೇ ಜನ ತಿಳಿದಿದ್ದ ಈ ಸಂಗತಿ 2014ರ ಏಪ್ರಿಲ್‌ನಲ್ಲಿ ಆ ಗುಂಡಿಯನ್ನು ಅಗೆದಾಗ ನಿಜವೆಂದು ಖಚಿತವಾಯಿತು, ‘ಇ.ಟಿ.’ ಜೊತೆಗೆ ಬೇರೆ ಹಲವು ಗೇಮ್‌ಗಳೂ ಅಲ್ಲಿ ಸಿಕ್ಕವು. ಅಂಗಡಿಗೆ ಹೋಗಿದ್ದನ್ನೇ ಮಾರಾಟ ಎಂದು ನಂಬಿದವರ ಲೆಕ್ಕ ಮಣ್ಣಿನಡಿ ಇತ್ತು.

ಕಂಪನಿಯೊಂದು ತನ್ನ ಲೆಕ್ಕದ ಪದ್ಧತಿಯನ್ನೇ ನಡುವೆ ಬದಲಿಸುವುದೂ ಉಂಟು. ಸೋನಿ 2007ರ ಮಧ್ಯದವರೆಗೆ ಪ್ಲೇಸ್ಟೇಷನ್ ಯಂತ್ರಗಳ ಉತ್ಪಾದನಾ ರವಾನೆಯನ್ನು ಹೇಳುತ್ತಿತ್ತು. ಅಲ್ಲಿಂದಾಚೆಗೆ ಖಾತೆಯಲ್ಲಿ ದಾಖಲಾದ ಮಾರಾಟವನ್ನು ಹೇಳತೊಡಗಿತು. ಎರಡು ವರ್ಷದ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವವರಿಗೆ ಅಡಿಟಿಪ್ಪಣಿ ಓದುವ ತಾಳ್ಮೆ ಇರಬೇಕು.

ಇನ್ನು ‘ವೀ ಸ್ಪೋರ್ಟ್ಸ್’ ಕಥೆ. ಜಪಾನ್ ಮತ್ತು ದಕ್ಷಿಣ ಕೊರಿಯ ಬಿಟ್ಟರೆ ಉಳಿದ ದೇಶಗಳಲ್ಲಿ ಈ ಗೇಮ್ ವೀ ಯಂತ್ರದ ಪೆಟ್ಟಿಗೆಯೊಳಗೇ ಬರುತ್ತಿತ್ತು. ಹಾಗಾಗಿ ಆ 8 ಕೋಟಿ ಚಿಲ್ಲರೆ ಜನರಲ್ಲಿ ಹೆಚ್ಚಿನವರು ಕೊಂಡದ್ದು ಯಂತ್ರವನ್ನು. ಗೇಮ್ ಜೊತೆಗೆ ಬಂತು, ಅಷ್ಟೆ. ಲೆಕ್ಕ ತಪ್ಪಲ್ಲ. ಆದರೆ ಬಿಡಿಯಾಗಿ ಮಾರಾಟವಾದ ಗೇಮ್ ಜೊತೆ ಅದನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ "ಯಾವುದು ಹೆಚ್ಚು ಜನಪ್ರಿಯ" ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಬಾರ್‌ಕೋಡ್ ಹೇಳುವ ಸತ್ಯ

ಗಿರಾಕಿ ನಿಜವಾಗಿ ಕೊಂಡದ್ದೆಷ್ಟು ಎಂದು ತಿಳಿಯಲು ಇರುವ ದಾರಿ ಅಂಗಡಿಯ ಬಿಲ್ಲಿಂಗ್ ಕೌಂಟರ್. ಡಬ್ಬಿಯ ಬಾರ್‌ಕೋಡ್ ‘ಬೀಪ್’ ಎಂದಾಗ ಒಂದು ಮಾರಾಟ ದಾಖಲಾಗುತ್ತದೆ. ಈ ದಾಖಲೆಗಳನ್ನು ಹಲವು ಅಂಗಡಿ ಸರಪಳಿಗಳಿಂದ ಒಟ್ಟುಮಾಡಿ, ಶುಲ್ಕ ಕೊಟ್ಟವರಿಗೆ ವರದಿ ಮಾರುವ ಸಂಸ್ಥೆಗಳಿವೆ. ಅಮೆರಿಕದಲ್ಲಿ ದಶಕಗಳಿಂದ ಈ ಕೆಲಸ ಮಾಡುತ್ತಿರುವುದು ಎನ್‌ಪಿಡಿ. ಇನ್ನೊಂದು ಸಂಸ್ಥೆಯೊಡನೆ ವಿಲೀನಗೊಂಡ ಬಳಿಕ 2023ರಿಂದ ಅದರ ಹೆಸರು ಸರ್ಕಾನಾ. ಜಪಾನಿನಲ್ಲಿ ಫಾಮಿತ್ಸು ಪತ್ರಿಕೆ, ಬ್ರಿಟನ್ನಿನಲ್ಲಿ ಜಿಎಫ್‌ಕೆ ಹೆಸರುವಾಸಿ.

ಬಾಯಿಮಾತಿನ ವರದಿಗಿಂತ ಇದು ಎಷ್ಟು ಮೇಲು ಎಂಬುದಕ್ಕೆ ಸಂಗೀತ ಕ್ಷೇತ್ರದ ಒಂದು ಪ್ರಸಂಗ ಸಾಕ್ಷಿ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ತನ್ನ ಆಲ್ಬಂ ಪಟ್ಟಿಯನ್ನು ಅಂಗಡಿಯವರನ್ನು ಕೇಳಿ ತಯಾರಿಸುತ್ತಿತ್ತು. 1991ರ ಮೇ ತಿಂಗಳಲ್ಲಿ ಅದು ಸೌಂಡ್‌ಸ್ಕ್ಯಾನ್‌ನ ಬಾರ್‌ಕೋಡ್ ದಾಖಲೆಗೆ ಬದಲಾಯಿತು. ಕಂಟ್ರಿ ಮತ್ತು ರ‍್ಯಾಪ್ ಸಂಗೀತ ಪಟ್ಟಿಯಲ್ಲಿ ದಿಢೀರನೆ ಮೇಲೇರಿದವು. ಜನರ ರುಚಿ ಒಂದೇ ವಾರದಲ್ಲಿ ಬದಲಾಗಿರಲಿಲ್ಲ, ಲೆಕ್ಕ ಹಾಕುವ ರೀತಿ ಬದಲಾಗಿತ್ತು.

ಆದರೆ ಬಾರ್‌ಕೋಡ್ ಹೇಳುವುದು ಅದನ್ನು ಓದಿದ ಅಂಗಡಿಯ ಸತ್ಯವನ್ನು ಮಾತ್ರ. ಎಲ್ಲ ಅಂಗಡಿಗಳೂ ಮಾಹಿತಿ ಕೊಡುವುದಿಲ್ಲ. ಕೊಡದವರ ಪಾಲನ್ನು ಊಹಿಸಿ ಸೇರಿಸಬೇಕು. ಟಿವಿ ವಾಹಿನಿಗಳ ಟಿಆರ್‌ಪಿಯೂ ಹೀಗೆಯೇ: ಆಯ್ದ ಮನೆಗಳಲ್ಲಿ ಮೀಟರ್ ಇಟ್ಟು ಇಡೀ ನಾಡಿನ ವೀಕ್ಷಕರನ್ನು ಅಂದಾಜು ಮಾಡುತ್ತಾರೆ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಪಾತ್ರೆಯಿಡೀ ಸೋಸಬೇಕಿಲ್ಲ, ಒಂದು ಅಗುಳು ಹಿಸುಕಿದರೆ ಸಾಕು. ಪಾತ್ರೆಯಲ್ಲಿರುವುದು ಒಂದೇ ಅಕ್ಕಿ, ಒಂದೇ ಬಿಸಿಯಲ್ಲಿ ಬೇಯುತ್ತಿದೆ ಎಂಬ ಭರವಸೆ ಇರುವುದರಿಂದ ಈ ಉಪಾಯ ನಡೆಯುತ್ತದೆ. ಅಂಗಡಿಗಳು ಹಾಗಲ್ಲ. ದಿನಸಿ ಜೊತೆಗೆ ಗೇಮ್ ಇಡುವ ದೊಡ್ಡ ಸೂಪರ್ ಮಾರ್ಕೆಟ್‌ಗೆ ಮಕ್ಕಳೊಂದಿಗೆ ಬರುವ ಅಪ್ಪ ಅಮ್ಮ ಕೊಳ್ಳುವ ಗೇಮ್ ಒಂದು; ಗೇಮ್‌ಗಳನ್ನಷ್ಟೇ ಮಾರುವ ಅಂಗಡಿಗೆ ಬಿಡುಗಡೆಯ ದಿನವೇ ಓಡುವ ಹುಡುಗರು ಕೊಳ್ಳುವ ಗೇಮ್ ಇನ್ನೊಂದು.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಮಾಹಿತಿ ಕೊಡುವ ಅಂಗಡಿಗಳು ಇಡೀ ಮಾರುಕಟ್ಟೆಯ ಶೇ 60ರಷ್ಟು ಎಂದು ಸಂಸ್ಥೆ ಭಾವಿಸಿದೆ ಎನ್ನಿ. ಒಂದು ಗೇಮ್‌ನ 60,000 ಪ್ರತಿ ಅಲ್ಲಿ ಬಿಲ್ ಆದರೆ ಒಟ್ಟು ಮಾರಾಟ 1 ಲಕ್ಷ ಎಂದು ವರದಿಯಾಗುತ್ತದೆ. ಆ ಗೇಮ್ ಮಕ್ಕಳದ್ದಾಗಿದ್ದು, ಅದರ ಶೇ 40ರಷ್ಟು ಮಾತ್ರ ಈ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದರೆ ನಿಜವಾದ ಸಂಖ್ಯೆ ಒಂದೂವರೆ ಲಕ್ಷ. ಹುಚ್ಚು ಅಭಿಮಾನಿಗಳ ಗೇಮ್ ಆಗಿದ್ದು, ಶೇ 75ರಷ್ಟು ಇಲ್ಲೇ ಮಾರಾಟವಾಗುತ್ತಿದ್ದರೆ ನಿಜವಾದದ್ದು 80,000. ಎರಡಕ್ಕೂ ವರದಿ ಹೇಳುವುದು ಒಂದೇ, 1 ಲಕ್ಷ! ಇಲ್ಲಿ ಇನ್ನಷ್ಟು ಅಂಥವೇ ಅಂಗಡಿಗಳನ್ನು ಸೇರಿಸಿಕೊಂಡರೂ ಉಪಯೋಗವಿಲ್ಲ. ಮಾದರಿ ಚಿಕ್ಕದಾಗಿರುವುದರಿಂದ ಬಂದ ತಪ್ಪಲ್ಲ ಇದು, ಮಾದರಿ ಒಂದು ಕಡೆ ವಾಲಿರುವುದರಿಂದ ಬಂದದ್ದು.

ಇದು ಬರಿಯ ಊಹೆಯ ಸಮಸ್ಯೆಯಲ್ಲ. ಅಮೆರಿಕದ ಅತಿ ದೊಡ್ಡ ಚಿಲ್ಲರೆ ಮಾರಾಟ ಸಂಸ್ಥೆ ವಾಲ್‌ಮಾರ್ಟ್ 2001ರಲ್ಲಿ ತನ್ನ ಬಿಲ್ಲಿಂಗ್ ಮಾಹಿತಿಯನ್ನು ಹೊರಗಿನ ಸಂಶೋಧನಾ ಸಂಸ್ಥೆಗಳಿಗೆ ಕೊಡುವುದನ್ನು ನಿಲ್ಲಿಸಿತು. ಮತ್ತೆ ಹಂಚಿಕೊಳ್ಳುವುದಾಗಿ ಅದು ಹೇಳಿದ್ದು ಹತ್ತು ವರ್ಷದ ನಂತರ, 2011ರಲ್ಲಿ. ಆ ಇಡೀ ದಶಕದಲ್ಲಿ ಸಾಬೂನಿನಿಂದ ಆಟಿಕೆವರೆಗೆ ಯಾವುದರ ರಾಷ್ಟ್ರೀಯ ಮಾರಾಟದ ಲೆಕ್ಕ ಹಾಕುವವರಿಗೂ ಇಷ್ಟು ದೊಡ್ಡ ರಂಧ್ರವನ್ನು ಅಂದಾಜಿನಿಂದಲೇ ತೇಪೆ ಹಾಕಬೇಕಾಯಿತು.

ಜಪಾನಿನಲ್ಲಿ ಈ ಅಂದಾಜಿನ ಸ್ವಭಾವ ಎಲ್ಲರಿಗೂ ಕಾಣುವಂತಿತ್ತು. ಬಹಳ ಕಾಲ ಅಲ್ಲಿ ಫಾಮಿತ್ಸು ಮತ್ತು ಮೀಡಿಯಾ ಕ್ರಿಯೇಟ್ ಎಂಬ ಎರಡು ಪಟ್ಟಿಗಳು ವಾರವಾರವೂ ಬರುತ್ತಿದ್ದವು. ಒಂದೇ ವಾರ, ಒಂದೇ ಗೇಮ್, ಆದರೆ ಸಂಖ್ಯೆ ಎರಡು. ತಮಾಷೆಯೆಂದರೆ ಎರಡೂ ಪಟ್ಟಿಗಳು ಕೊನೆಯ ಒಂದು ಪ್ರತಿಯವರೆಗೂ ನಿಖರವಾಗಿ ಸಂಖ್ಯೆ ಮುದ್ರಿಸುತ್ತಿದ್ದವು. ಕೊನೆಯ ಅಂಕಿ 3 ಎಂದು ಬರೆದರೆ ಯಾರೋ ಕೂತು ಒಂದೊಂದಾಗಿ ಎಣಿಸಿದ್ದಾರೆ ಎಂಬ ಭಾವನೆ ಓದುಗರಿಗೆ ಬರುತ್ತದೆ. "ಸುಮಾರು ಒಂದೂಕಾಲು ಲಕ್ಷ" ಎಂದಿದ್ದರೆ ಅದು ಹೆಚ್ಚು ಪ್ರಾಮಾಣಿಕವಾಗಿರುತ್ತಿತ್ತು ಎಂದು ನನಗನ್ನಿಸುತ್ತದೆ. ಈಗ ಮೀಡಿಯಾ ಕ್ರಿಯೇಟ್ ಪಟ್ಟಿ ನಿಂತುಹೋಗಿದೆ. ಒಂದೇ ಪಟ್ಟಿ ಉಳಿದಿರುವುದರಿಂದ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ಅಂದಾಜು ಅಂದಾಜಾಗಿಯೇ ಇದೆ.

ಇನ್ನೊಂದು ಸಣ್ಣ ಸೂಕ್ಷ್ಮ: ಎನ್‌ಪಿಡಿಯ ‘ತಿಂಗಳು’ ನಮ್ಮ ಕ್ಯಾಲೆಂಡರಿನ ತಿಂಗಳಲ್ಲ. ಕೆಲವಕ್ಕೆ ನಾಲ್ಕು ವಾರ, ಕೆಲವಕ್ಕೆ ಐದು ವಾರ. ಫೆಬ್ರುವರಿಗಿಂತ ಮಾರ್ಚ್‌ನಲ್ಲಿ ಮಾರಾಟ ಶೇ 25ರಷ್ಟು ಏರಿತು ಎಂಬ ಸುದ್ದಿಯಲ್ಲಿ ಒಂದು ಹೆಚ್ಚುವರಿ ವಾರ ಅಡಗಿ ಕೂತಿರಬಹುದು.

ಪಟ್ಟಿ ಇದೆ, ಸಂಖ್ಯೆ ಇಲ್ಲ

2010ರವರೆಗೆ ಎನ್‌ಪಿಡಿ ಪ್ರತಿ ತಿಂಗಳೂ ಮೊದಲ ಹತ್ತು ಗೇಮ್‌ಗಳ ಮಾರಾಟದ ಸಂಖ್ಯೆಯನ್ನು ಸಾರ್ವಜನಿಕರಿಗೂ ತಿಳಿಸುತ್ತಿತ್ತು. ಆ ವರ್ಷ ಅದನ್ನು ನಿಲ್ಲಿಸಿ ಹೆಸರುಗಳ ಕ್ರಮವನ್ನು ಮಾತ್ರ ಉಳಿಸಿಕೊಂಡಿತು. ಸಂಖ್ಯೆ ಬೇಕಾದವರು ದುಡ್ಡು ಕೊಡಬೇಕು. ಮೈಕ್ರೋಸಾಫ್ಟ್ 2015ರಲ್ಲಿ ಎಕ್ಸ್‌ಬಾಕ್ಸ್ ಯಂತ್ರಗಳ ಮಾರಾಟ ಹೇಳುವುದನ್ನೇ ಬಿಟ್ಟಿತು. ಅದು ಸೋನಿಗಿಂತ ಎಷ್ಟು ಹಿಂದಿತ್ತು ಎಂಬ ಸುಳಿವು ಸಿಕ್ಕಿದ್ದು 2022ರಲ್ಲಿ, ಬ್ರೆಜಿಲ್ ದೇಶದ ಸ್ಪರ್ಧಾ ನಿಯಂತ್ರಣ ಸಂಸ್ಥೆಗೆ ಸಲ್ಲಿಸಿದ ದಾಖಲೆಯಲ್ಲಿ. ಹಿಂದಿನ ಪೀಳಿಗೆಯಲ್ಲಿ ಸೋನಿ ತನ್ನ ಎರಡರಷ್ಟಕ್ಕೂ ಹೆಚ್ಚು ಯಂತ್ರಗಳನ್ನು ಮಾರಿತ್ತೆಂದು ಮೈಕ್ರೋಸಾಫ್ಟೇ ಅಲ್ಲಿ ಒಪ್ಪಿಕೊಂಡಿತ್ತು. ಆಕ್ಟಿವಿಷನ್ ಕಂಪನಿಯನ್ನು ಕೊಳ್ಳಲು ಅನುಮತಿ ಬೇಕಿದ್ದಾಗ ತಾನು ಚಿಕ್ಕವನೆಂದು ತೋರಿಸಿಕೊಳ್ಳುವುದೇ ಲಾಭವಾಗಿತ್ತು, ಅಷ್ಟೆ.

2016ರ ಮಧ್ಯದಿಂದ ಎನ್‌ಪಿಡಿ ಪಟ್ಟಿಗೆ ಡೌನ್‌ಲೋಡ್ ಮಾರಾಟವೂ ಸೇರಿತು. ಆದರೆ ಅಂಗಡಿಯವರು ಕೊಟ್ಟದ್ದಲ್ಲ ಅದು, ಪಾಲ್ಗೊಳ್ಳಲು ಒಪ್ಪಿದ ಪ್ರಕಾಶಕರೇ ಕೊಟ್ಟ ಲೆಕ್ಕ. ನಿಂಟೆಂಡೊ ತನ್ನ ಡೌನ್‌ಲೋಡ್ ಲೆಕ್ಕವನ್ನು ಕೊಡುವುದಿಲ್ಲ. ಅದರ ಗೇಮ್‌ಗಳ ಪಕ್ಕದಲ್ಲಿ ಒಂದು ನಕ್ಷತ್ರ ಚಿಹ್ನೆ ಇರುತ್ತದೆ. ಸುದ್ದಿಯಾಗಿ ಹರಿದಾಡುವಾಗ ಮೊದಲು ಉದುರಿಹೋಗುವುದು ಆ ನಕ್ಷತ್ರವೇ. ಸಾಲದ್ದಕ್ಕೆ, ಅಮೆರಿಕದ ಈ ಪಟ್ಟಿಯ ಕ್ರಮ ಮಾರಾಟದ ಮೊತ್ತದ ಮೇಲೆ, ಪ್ರತಿಗಳ ಸಂಖ್ಯೆಯ ಮೇಲಲ್ಲ. 70 ಡಾಲರಿನ ಗೇಮ್ ಕಡಿಮೆ ಜನ ಕೊಂಡರೂ 20 ಡಾಲರಿನದಕ್ಕಿಂತ ಮೇಲೆ ನಿಲ್ಲಬಹುದು.

ಡಬ್ಬಿಯೇ ಇಲ್ಲದಾಗ

ಇಂದು ಪ್ಲೇಸ್ಟೇಷನ್‌ನಲ್ಲಿ ಮಾರಾಟವಾಗುವ ಪೂರ್ಣ ಪ್ರಮಾಣದ ಗೇಮ್‌ಗಳಲ್ಲಿ ಮೂರರಲ್ಲಿ ಎರಡಕ್ಕಿಂತ ಹೆಚ್ಚು ಡೌನ್‌ಲೋಡ್ ಎಂದು ಸೋನಿಯ ವರದಿಗಳೇ ಹೇಳುತ್ತವೆ. ಕಂಪ್ಯೂಟರ್ ಗೇಮ್‌ಗಳಲ್ಲಂತೂ ಡಿಸ್ಕ್ ಹೆಚ್ಚುಕಡಿಮೆ ಮಾಯವಾಗಿದೆ. ಅಂಗಡಿಯ ಲೆಕ್ಕ ಎಷ್ಟೇ ನಿಖರವಾಗಿರಲಿ, ಅದು ಅಳೆಯುವ ವಸ್ತುವೇ ಕರಗುತ್ತಿದೆ. ಬ್ರಿಟನ್ನಿನ ಡಬ್ಬಿ ಮಾರಾಟದ ಪಟ್ಟಿ ನೋಡಿ "ಹೊಸ ಗೇಮ್ ಹಿಂದಿನದಕ್ಕಿಂತ ಅರ್ಧದಷ್ಟೂ ಮಾರಾಟವಾಗಲಿಲ್ಲ" ಎಂಬ ಸುದ್ದಿ ಬಂದಾಗಲೆಲ್ಲ, ಉಳಿದರ್ಧ ಜನ ಮನೆಯಲ್ಲೇ ಕೂತು ಡೌನ್‌ಲೋಡ್ ಮಾಡಿಕೊಂಡಿರಬಹುದೇ ಎಂದು ಕೇಳಬೇಕಾಗುತ್ತದೆ.

ಡೌನ್‌ಲೋಡ್ ಲೆಕ್ಕವನ್ನು ಹೊರಗಿನವರು ಹಿಡಿಯಲು ಮಾಡಿದ ಸಾಹಸಗಳು ಸ್ವಾರಸ್ಯಕರ. ಕಂಪ್ಯೂಟರ್ ಗೇಮ್‌ಗಳ ದೊಡ್ಡ ಮಳಿಗೆ ಸ್ಟೀಮ್‌ನಲ್ಲಿ ಬಳಕೆದಾರರ ಬಳಿ ಯಾವ ಯಾವ ಗೇಮ್ ಇದೆ ಎಂಬುದು ಮೊದಲೆಲ್ಲ ಸಾರ್ವಜನಿಕವಾಗಿ ಕಾಣುತ್ತಿತ್ತು. 2015ರಲ್ಲಿ ಸೆರ್ಗೆಯ್ ಗಲ್ಯೋಂಕಿನ್ ಆರಂಭಿಸಿದ ‘ಸ್ಟೀಮ್ ಸ್ಪೈ’ ದಿನವೂ ಯಾದೃಚ್ಛಿಕವಾಗಿ ಬಳಕೆದಾರರನ್ನು ಆಯ್ದು, ಅವರ ಸಂಗ್ರಹ ನೋಡಿ, ಒಟ್ಟು ಲೆಕ್ಕ ಅಂದಾಜು ಮಾಡುತ್ತಿತ್ತು. ಇದು ನಿಜಕ್ಕೂ ಅಗುಳು ಹಿಸುಕುವ ಉಪಾಯ: ಅಂಗಡಿಗಳಂತೆ ಒಂದು ಕಡೆ ವಾಲದ ಮಾದರಿ, ಜೊತೆಗೆ ತಪ್ಪಿನ ವ್ಯಾಪ್ತಿಯನ್ನೂ ಪ್ರಕಟಿಸುವ ಪ್ರಾಮಾಣಿಕತೆ. ಕೆಲವೇ ಸಾವಿರ ಪ್ರತಿ ಹೋದ ಪುಟ್ಟ ಗೇಮ್‌ಗಳ ವಿಷಯದಲ್ಲಿ ಮಾತ್ರ ಅಂದಾಜು ಬಹಳ ಅಲುಗಾಡುತ್ತಿತ್ತು. ಉಚಿತವಾಗಿ ಹಂಚಿದ್ದೂ ‘ಹೊಂದಿರುವವರು’ ಲೆಕ್ಕಕ್ಕೆ ಸೇರುತ್ತಿತ್ತು. 2018ರ ಏಪ್ರಿಲ್‌ನಲ್ಲಿ ಸ್ಟೀಮ್‌ನ ಒಡೆಯರಾದ ವಾಲ್ವ್ ಕಂಪನಿ ಖಾಸಗಿತನದ ಕಾರಣಕ್ಕೆ ಈ ಸಂಗ್ರಹಗಳನ್ನು ತಾನಾಗಿಯೇ ಮರೆಯಾಗಿಡತೊಡಗಿತು. ಸ್ಟೀಮ್ ಸ್ಪೈಯ ಕಣ್ಣು ಒಂದೇ ದಿನದಲ್ಲಿ ಮಂಜಾಯಿತು.

ಅದೇ ವರ್ಷದ ಜುಲೈನಲ್ಲಿ ಇನ್ನೊಂದು ಬಿರುಕು ಪತ್ತೆಯಾಯಿತು. ಗೇಮ್‌ನಲ್ಲಿ ಒಂದೊಂದು ಸಾಧನೆಯನ್ನು ಶೇಕಡಾ ಎಷ್ಟು ಆಟಗಾರರು ಮಾಡಿದ್ದಾರೆ ಎಂಬುದನ್ನು ಸ್ಟೀಮ್ ಹಲವು ದಶಮಾಂಶ ಸ್ಥಾನಗಳವರೆಗೆ ಕೊಡುತ್ತಿತ್ತು. ಶೇ 14.285714 ಎಂದರೆ ಏಳರಲ್ಲಿ ಒಂದು ಭಾಗ, ಶೇ 9.090909 ಎಂದರೆ ಹನ್ನೊಂದರಲ್ಲಿ ಒಂದು. ಎರಡೂ ಒಂದೇ ಗೇಮ್‌ನದ್ದಾದರೆ ಆಟಗಾರರ ಸಂಖ್ಯೆ 7 ಮತ್ತು 11 ಎರಡರಿಂದಲೂ ಭಾಗವಾಗಬೇಕು, ಅಂದರೆ 77ರ ಗುಣಕವಾಗಿರಬೇಕು. ಇಂತಹ ಹತ್ತಿಪ್ಪತ್ತು ಭಿನ್ನರಾಶಿಗಳನ್ನು ಒಟ್ಟಿಗಿಟ್ಟರೆ ಹೊಂದುವ ಸಂಖ್ಯೆ ಒಂದೇ ಉಳಿಯುತ್ತದೆ. ಹೈಸ್ಕೂಲಿನ ಲ.ಸಾ.ಅ. ಬಳಸಿ ಕಂಪನಿಯ ಗುಟ್ಟು ಬಿಡಿಸಿದಂತಾಯಿತು! ಕೆಲವೇ ದಿನಗಳಲ್ಲಿ ವಾಲ್ವ್ ದಶಮಾಂಶಗಳನ್ನು ಕತ್ತರಿಸಿತು. ಈಗ ಹಲವರು ಸ್ಟೀಮ್‌ನಲ್ಲಿರುವ ವಿಮರ್ಶೆಗಳ ಸಂಖ್ಯೆಯನ್ನು ಮೂವತ್ತರಿಂದಲೋ ಐವತ್ತರಿಂದಲೋ ಗುಣಿಸಿ ಮಾರಾಟ ಇಷ್ಟು ಎನ್ನುತ್ತಾರೆ. ಯಾವುದರಿಂದ ಗುಣಿಸಬೇಕೆಂಬುದೇ ಚರ್ಚೆಯ ವಿಷಯವಾಗಿರುವಾಗ ಆ ಉತ್ತರಕ್ಕೆ ಎಷ್ಟು ಬೆಲೆ ಕೊಡಬೇಕೋ ಅಷ್ಟೇ ಕೊಡಿ.

ಭಾರತದಲ್ಲಿ ಹೆಚ್ಚಿನವರು ಆಡುವುದು ಮೊಬೈಲಿನಲ್ಲಿ. ಗೂಗಲ್ ಪ್ಲೇ ತೋರಿಸುವ ‘10 ಲಕ್ಷ+’ ಎಂಬುದರ ಮುಂದಿನ ಮೆಟ್ಟಿಲು ‘50 ಲಕ್ಷ+’. ನಡುವಿನ 40 ಲಕ್ಷದಲ್ಲಿ ನಿಜ ಎಲ್ಲಿದೆಯೋ ನೋಡುಗರಿಗೆ ಗೊತ್ತಾಗುವುದಿಲ್ಲ. ಆಪಲ್ ಆಪ್ ಸ್ಟೋರ್ ಅಷ್ಟನ್ನೂ ತೋರಿಸುವುದಿಲ್ಲ. ಈ ಕೊರತೆ ತುಂಬಲು ಹುಟ್ಟಿದ ಅಂದಾಜು ಸಂಸ್ಥೆಗಳಲ್ಲಿ ಆಪ್ ಆ್ಯನಿ ಪ್ರಮುಖವಾದದ್ದು. ಆಪ್ ತಯಾರಕರು ತಮ್ಮ ಗುಟ್ಟಿನ ಲೆಕ್ಕವನ್ನು ಅದಕ್ಕೆ ಕೊಡುತ್ತಿದ್ದರು. ಎಲ್ಲರದನ್ನೂ ಬೆರೆಸಿ, ಹೆಸರು ಅಳಿಸಿ ಮಾತ್ರ ಬಳಸುತ್ತೇವೆಂದು ಸಂಸ್ಥೆ ಮಾತು ಕೊಟ್ಟಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ, ಆ ಮಾತನ್ನು ಮುರಿದು ನಿರ್ದಿಷ್ಟ ಕಂಪನಿಗಳ ನಿಜ ಲೆಕ್ಕದಿಂದಲೇ ಅಂದಾಜುಗಳನ್ನು ತಿದ್ದಿ, ಅವನ್ನು ಷೇರು ವಹಿವಾಟು ಸಂಸ್ಥೆಗಳಿಗೆ ಮಾರಲಾಗಿದೆ ಎಂದು ಆರೋಪಿಸಿತು. ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ, ಆಪ್ ಆ್ಯನಿ 1 ಕೋಟಿ ಡಾಲರ್ ದಂಡ ಕಟ್ಟಿತು. ಅಂದಾಜು ತಪ್ಪಾಗಿದ್ದಕ್ಕಲ್ಲ, ಇರಬೇಕಾದದ್ದಕ್ಕಿಂತ ಹೆಚ್ಚು ಸರಿಯಾಗಿದ್ದಕ್ಕೆ ದಂಡ! ಈ ಸಂಖ್ಯೆಗಳ ಹಿಂದೆ ಎಂಥ ದುಡ್ಡು ಓಡಾಡುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಯಾವುದನ್ನು ನಂಬಬಹುದು?

ಷೇರುಪೇಟೆಯಲ್ಲಿರುವ ಕಂಪನಿ ತನ್ನ ಹಣಕಾಸು ವರದಿಯಲ್ಲಿ ಬರೆದ ಸಂಖ್ಯೆಗೆ ಕಾನೂನಿನ ಹೊಣೆ ಇರುತ್ತದೆ. ನಿಂಟೆಂಡೊ ಮೂರು ತಿಂಗಳಿಗೊಮ್ಮೆ ಪ್ರಕಟಿಸುವ ಕೋಷ್ಟಕಗಳು ಇದ್ದುದರಲ್ಲಿ ಗಟ್ಟಿಯಾದವು. ಆದರೆ ಕಂಪನಿ ಹೇಳುವುದು ತನಗೆ ಹೇಳಬೇಕೆನಿಸಿದ್ದನ್ನು. ಪ್ಲೇಸ್ಟೇಷನ್ 2 ಯಂತ್ರದ ಒಟ್ಟು ಮಾರಾಟ 15.5 ಕೋಟಿ ಎಂದು ಹಲವು ವರ್ಷ ಎಲ್ಲರೂ ಬರೆಯುತ್ತಿದ್ದರು. ಸೋನಿ 2024ರಲ್ಲಿ 16 ಕೋಟಿಗೂ ಹೆಚ್ಚು ಎಂದಿತು. 15.4 ಕೋಟಿಯ ನಿಂಟೆಂಡೊ ಡಿಎಸ್ ಜೊತೆ ಕೂದಲೆಳೆಯ ಅಂತರದ ಪೈಪೋಟಿ ಎಂದು ನಡೆಯುತ್ತಿದ್ದ ವಾದಗಳೆಲ್ಲ ಒಂದೇ ವಾಕ್ಯದಲ್ಲಿ ಮುಗಿದವು. ಕಂಪನಿಗಳ ಪ್ರಕಟಣೆಯಲ್ಲಿ ‘ಪ್ರತಿಗಳು’ ಎಂದಿದೆಯೋ ‘ಆಟಗಾರರು’ ಎಂದಿದೆಯೋ ಎಂಬುದನ್ನೂ ನೋಡಬೇಕು. 2023ರಲ್ಲಿ ‘ಸ್ಟಾರ್‌ಫೀಲ್ಡ್’ 1 ಕೋಟಿ ಆಟಗಾರರನ್ನು ದಾಟಿತು ಎಂದಾಗ ಅದರಲ್ಲಿ ಗೇಮ್ ಪಾಸ್ ಚಂದಾದಾರರೂ ಸೇರಿದ್ದರು. ಅವರು ಆ ಗೇಮನ್ನು ಬೇರೆಯಾಗಿ ಕೊಂಡಿರಬೇಕಾಗಿಲ್ಲ.

ಇನ್ನು ಆ 16,598 ಸಾಲುಗಳ ಕಡತ. ಅದನ್ನು ವಿಜಿಚಾರ್ಟ್ಸ್ ಎಂಬ ಜಾಲತಾಣದಿಂದ ಸಂಗ್ರಹಿಸಲಾಗಿದೆ. ಆ ತಾಣ ತಾನೇ ಅಂದಾಜು ಮಾಡಿದ ಸಂಖ್ಯೆಗಳನ್ನು ಪ್ರಕಟಿಸುತ್ತಿತ್ತು. ವಿಕಿಪೀಡಿಯದ ಗೇಮ್ ಸಂಪಾದಕರು ಅದನ್ನು ನಂಬಲರ್ಹವಲ್ಲದ ಆಕರಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ. ‘ವೀ ಸ್ಪೋರ್ಟ್ಸ್’ ವಿಷಯದಲ್ಲಿ ಅದರ 8.274 ಕೋಟಿ ನಿಂಟೆಂಡೊ ಹೇಳುವ 8.29 ಕೋಟಿಗೆ ತೀರಾ ಹತ್ತಿರ. ಅದನ್ನು ನೋಡಿ ಉಳಿದವೂ ಹೀಗೆಯೇ ಎಂದುಕೊಳ್ಳಬಾರದು. ಕಂಪನಿಯ ಅಧಿಕೃತ ಸಂಖ್ಯೆ ಸಿಗುವ ಕಡೆ ಅಂದಾಜನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು. ಸಿಗದಿರುವ ಸಾವಿರಾರು ಸಣ್ಣ ಗೇಮ್‌ಗಳಲ್ಲಿ ತಪ್ಪಿದ್ದರೂ ಪರೀಕ್ಷಿಸಲು ಎದುರಿಗೆ ಏನೂ ಇರುವುದಿಲ್ಲ.

ಅದರ ಗ್ರಾಫ್ ಬಿದ್ದದ್ದೇಕೆ ಎಂಬುದಕ್ಕೂ ಕಾರಣ ಈಗ ಸ್ಪಷ್ಟ. 2008ರ ನಂತರ ಜನ ಸ್ಟೀಮ್‌ಗೆ, ಮೊಬೈಲ್‌ಗೆ, ಡೌನ್‌ಲೋಡ್‌ಗೆ ಹೊರಳಿದರು. ಕಡತದ ಲೆಕ್ಕವಾದರೋ ಹೆಚ್ಚಾಗಿ ಡಬ್ಬಿಗಳದ್ದು. ತಯಾರಕರ ತಾಣದಿಂದಲೇ ನೇರವಾಗಿ ಮಾರಾಟವಾದ ಕಂಪ್ಯೂಟರಿನ ‘ಮೈನ್‌ಕ್ರಾಫ್ಟ್’ ಯಾವ ಅಂಗಡಿಯ ಬಾರ್‌ಕೋಡಿಗೂ ಸಿಕ್ಕಿರಲಾರದು, ಸ್ಟೀಮ್ ಸ್ಪೈಗೂ ಸಿಕ್ಕಿಲ್ಲ. ಕಡತದ ಸಂಗ್ರಹ ನಡೆದದ್ದು 2016ರಲ್ಲಿ, ವರ್ಷ ಮುಗಿಯುವ ಮೊದಲೇ. ಆ ವರ್ಷದ ಗೇಮ್‌ಗಳಿಗೆ ಮಾರಾಟವಾಗಲು ಕೆಲವೇ ತಿಂಗಳು ಸಿಕ್ಕಿದ್ದರೆ 2008ರ ಗೇಮ್‌ಗಳಿಗೆ ಎಂಟು ವರ್ಷ ಸಿಕ್ಕಿತ್ತು. ನೀವೂ ಈ ಕಡತದ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದರೆ, ಕೊನೆಯ ಎರಡು ವರ್ಷದ ಸಾಲುಗಳನ್ನು ತೆಗೆದು ಗ್ರಾಫನ್ನು ಮತ್ತೆ ಬರೆದು ನೋಡಿ; ಅದರ ಶೀರ್ಷಿಕೆಯಲ್ಲಿ ‘ಮಾರಾಟ’ ಎನ್ನುವ ಬದಲು ‘ಅಂದಾಜು ಮಾಡಿದ ಡಬ್ಬಿ ಮಾರಾಟ’ ಎಂದು ಬರೆಯಿರಿ.